ಎರಡನೇ ಪ್ರತಿ

"ಮುಟ್ಟಬೇಡಿ!"

ಅವಳು ಕೂಗಿದ ರಭಸಕ್ಕೆ ಕಂಪ್ಯೂಟರಿನ ಮುಂದೆ ಕೂತಿದ್ದವನ ಬೆರಳು ಕೀಬೋರ್ಡಿನ ಮೇಲೆ ಗಾಳಿಯಲ್ಲೇ ನಿಂತಿತು. ಅಷ್ಟಕ್ಕೇ ಬಿಡಲಿಲ್ಲ ಅವಳು. ಓಡಿಬಂದು ಅವನ ಮಣಿಕಟ್ಟನ್ನೇ ಹಿಡಿದುಬಿಟ್ಟಳು.

"ಯಾರ್ರೀ ನೀವು? ಯಾರನ್ನ ಕೇಳಿ ಇಲ್ಲಿ ಕೂತಿದ್ದೀರಿ? ಇದರೊಳಗೆ ಏನಿದೆ ಅಂತ ಗೊತ್ತಾ ನಿಮಗೆ?"

"ನಲವತ್ತೊಂದು ಜನ ಇದ್ದಾರೆ," ಎಂದ ಅವನು ಮೆಲ್ಲಗೆ. "ಈಗಷ್ಟೇ ಎಣಿಸಿದೆ."

ಫೈಲು ಎನ್ನುತ್ತಾನೆ, ಡೇಟಾ ಎನ್ನುತ್ತಾನೆ ಎಂದುಕೊಂಡಿದ್ದಳು. ಜನ ಎಂದ!

ಅವಳ ಹಿಡಿತ ತಾನಾಗಿ ಸಡಿಲಿತು...

ಅದು ಗಂಟಲಿನ ಆಸ್ಪತ್ರೆ. ರೋಗ ಧ್ವನಿಪೆಟ್ಟಿಗೆಗೆ ಇಳಿದವರಿಗೆ ಅದನ್ನು ಕತ್ತರಿಸಿ ತೆಗೆಯದೆ ಬೇರೆ ದಾರಿಯಿರುತ್ತಿರಲಿಲ್ಲ. ಹಾಗೆ ತೆಗೆಯುವ ಮುನ್ನ ಅವರನ್ನು ನೆಲಮಹಡಿಯ, ಹೊರಗಿನ ಸದ್ದು ತಡೆಯುವ ಈ ಸ್ಪಂಜಿನ ಗೋಡೆಯ ಕೋಣೆಗೆ ಕರೆತಂದು ಕೂರಿಸುತ್ತಿದ್ದರು. ಸಾವಿರದ ಆರುನೂರು ವಾಕ್ಯಗಳನ್ನು ಅವರು ಒಂದೊಂದಾಗಿ ಓದಬೇಕು. ಸಾಫ್ಟ್‌ವೇರ್ ಆ ಧ್ವನಿಯನ್ನು ಕಲಿತುಕೊಳ್ಳುತ್ತದೆ. ಆಪರೇಷನ್ ಆದ ಮೇಲೆ ಅವರು ಬೆರಳಲ್ಲಿ ಒತ್ತಿದ್ದನ್ನೆಲ್ಲ ಅವರದೇ ಧ್ವನಿಯಲ್ಲಿ ಆಡಿ ತೋರಿಸುತ್ತದೆ.

ಓದಿಸುವವಳು ಅವಳು. ರೋಗಿಗಳೆಲ್ಲ 'ಮಾತಿನ ಟೀಚರ್' ಎಂದೇ ಕರೆಯುತ್ತಿದ್ದರು.

ಅವನು ಆ ಸಾಫ್ಟ್‌ವೇರ್ ಕಟ್ಟುವ ಕಂಪನಿಯವನು. ಹೊಸದನ್ನು ಇನ್‌ಸ್ಟಾಲ್ ಮಾಡಲು ಬಂದಿದ್ದ.

"ಹೆದರಬೇಡಿ ಮೇಡಂ. ಹಳೇ ಮನೆ ಕೆಡವಿ ಅದೇ ಜಾಗದಲ್ಲಿ ಹೊಸದು ಕಟ್ಟೋನಲ್ಲ ನಾನು. ಮೊದಲು ಒಳಗಿರೋರನ್ನ ಪಕ್ಕಕ್ಕೆ ಕೂರಿಸ್ತೀನಿ. ಎರಡು ಪ್ರತಿ ಮಾಡ್ತೀನಿ, ಎರಡು ಬೇರೆ ಬೇರೆ ಕಡೆ. ಹೊಸ ಮನೆ ನಿಲ್ಲುತ್ತೆ ಅಂತ ಖಾತ್ರಿ ಆದ್ಮೇಲೇ ಅವರನ್ನ ಒಳಗೆ ಕರೀತೀನಿ."

"ಒಂದು ಪ್ರತಿ ಸಾಲದಾ?"

"ಒಂದಿದ್ರೆ ಇಲ್ಲ ಅಂತಲೇ ಲೆಕ್ಕ. ಎರಡಿದ್ರೆ ಒಂದಿದೆ ಅಂತ."

ಆ ಲೆಕ್ಕ ಅವಳಿಗೆ ವಿಚಿತ್ರವೆನಿಸಿತು. ನಗುವೂ ಬಂತು!

ಅವನ ಕಚೇರಿಯಲ್ಲಿ ಅವನಿಗೆ 'ನಿಧಾನಿ' ಎಂದು ಹೆಸರು. ಬೇರೆಯವರು ಒಂದು ಗಂಟೆಯಲ್ಲಿ ಮುಗಿಸುವುದಕ್ಕೆ ಇವನಿಗೆ ಎರಡು ದಿನ ಬೇಕು. ಕೆಲಸ ಅರ್ಧಕ್ಕೆ ನಿಂತಾಗಲೆಲ್ಲ ದುಂಡನೆ ಅಕ್ಷರದಲ್ಲಿ ಒಂದು ಚೀಟಿ ಬರೆದು ಮಾನಿಟರಿಗೆ ಅಂಟಿಸಿ ಹೋಗುತ್ತಿದ್ದ. ಮೊದಮೊದಲು ಅವಳು ಪೂರ್ತಿ ಓದುತ್ತಿದ್ದಳು. ಆಮೇಲಾಮೇಲೆ, 'ದಯವಿಟ್ಟು ಗಮನಿಸಿ' ಎಂಬ ಮೊದಲ ಸಾಲು ಕಂಡರೆ ಸಾಕಾಗುತ್ತಿತ್ತು. ದಿನಾ ನೋಡುವ ಗೋಡೆಗಡಿಯಾರದ ಹಾಗೆ.

ಅವಳ ಮನಸ್ಸು ಜಾರಿದ್ದು ಅವನ ಅಕ್ಷರಕ್ಕಲ್ಲ. ಒಂದು ಚಿಕ್ಕ ಸಂಗತಿಗೆ.

ಧ್ವನಿ ಕಳೆದುಕೊಂಡವರು ಹೊಸದರಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತಾರೆ. ಎದುರಿನವರಿಗೆ ತಾಳ್ಮೆಯಿರುವುದಿಲ್ಲ. "ನೀರಾ? ನೀರು ಬೇಕಾ?" ಎಂದು ವಾಕ್ಯವನ್ನು ತಾವೇ ಮುಗಿಸಿಬಿಡುತ್ತಾರೆ. ಡಾಕ್ಟರರೂ ಹಾಗೆ, ಮನೆಯವರೂ ಹಾಗೆ. ಇವನೊಬ್ಬ ಮಾತ್ರ ಕಾಯುತ್ತಿದ್ದ. ಒಬ್ಬ ಅಜ್ಜಿ ಒಂದು ಸಾಲು ಒತ್ತಲು ಐದು ನಿಮಿಷ ತೆಗೆದುಕೊಂಡರು. ಅಷ್ಟು ಹೊತ್ತೂ ಅವನು ಕೈಕಟ್ಟಿ, ಕಥೆ ಕೇಳುವವನ ಹಾಗೆ ಕೂತಿದ್ದ. ಕೊನೆಗೆ ಯಂತ್ರ ಅಜ್ಜಿಯ ಧ್ವನಿಯಲ್ಲಿ ಹೇಳಿತು: "ನಿನ್ನ ಅಂಗಿ ಗುಂಡಿ ತಪ್ಪಿದೆ ಕಣಪ್ಪ."

ಅವನು ನಾಚಿ ಗುಂಡಿ ಸರಿಮಾಡಿಕೊಂಡ. ಬಾಗಿಲ ಬಳಿ ನಿಂತಿದ್ದ ಅವಳ ಎದೆಯಲ್ಲಿ ಏನೋ ಸದ್ದಿಲ್ಲದೆ ತನ್ನ ಜಾಗ ಹುಡುಕಿಕೊಂಡಿತು...

'ಅಯ್ಯೋ, ಇದೇನಾಯ್ತು ನಂಗೆ!'

ಆ ಖುಷಿಯನ್ನು ಅವಳು ಸರಿಯಾಗಿ ಅನುಭವಿಸುವ ಮೊದಲೇ ಅಪ್ಪನ ಗಂಟಲಲ್ಲಿ ಗಂಟು ಕಾಣಿಸಿತು.

ಅಪ್ಪ ಮೂವತ್ತೊಂದು ವರ್ಷ ಬಸ್ ಕಂಡಕ್ಟರ್ ಆಗಿದ್ದವರು. "ಮುಂದೆ ಹೋಗಿ, ಮುಂದೆ ಹೋಗಿ, ಮುಂದೆ ಮೈದಾನ ಖಾಲಿ ಇದೆ!" ಎಂದು ಕೂಗಿದರೆ ಡ್ರೈವರ್ ಪಕ್ಕದವನೂ ಸರಿಯುತ್ತಿದ್ದ. ಮನೆಯಲ್ಲೂ ಅದೇ ಗಂಟಲು. ಅಮ್ಮನನ್ನು ಅವರು ಕರೆದರೆ ಎದುರುಮನೆಯವರು "ಏನು?" ಎನ್ನುತ್ತಿದ್ದರು.

ಈಗ ಆ ಗಂಟಲನ್ನೇ ತೆಗೆಯಬೇಕಿತ್ತು. ಶನಿವಾರ ಬೆಳಗ್ಗೆ ಆಪರೇಷನ್. ಉಳಿದದ್ದು ಹನ್ನೊಂದು ದಿನ.

ದಿನಾ ಮಧ್ಯಾಹ್ನ ಅಪ್ಪ ಸ್ಪಂಜಿನ ಕೋಣೆಗೆ ಬಂದು ಓದುತ್ತಿದ್ದರು. ಎಲ್ಲ ಅಕ್ಷರ, ಎಲ್ಲ ಏರಿಳಿತ ಬರಲೆಂದು ಹೊಂದಿಸಿದ ವಾಕ್ಯಗಳು. ಅರ್ಥಕ್ಕೆ ತಲೆಬುಡವಿಲ್ಲ.

"ಮೇಜಿನ ಮೇಲೆ ಏಳು ನೀಲಿ ಬಟ್ಟಲುಗಳಿವೆ," ಎಂದು ಓದಿ ಅಪ್ಪ ಕನ್ನಡಕ ಏರಿಸುತ್ತಿದ್ದರು. "ಯಾರಮ್ಮ ಇದನ್ನ ಬರೆದಿದ್ದು? ಗಂಟಲು ಹೋದ್ಮೇಲೆ ನಾನು ಇದನ್ನ ಯಾರಿಗೆ ಹೇಳ್ಲಿ?"

"ಓದಿ ಅಪ್ಪ, ತಮಾಷೆ ಸಾಕು."

"ನಿಮ್ಮಮ್ಮನಿಗೆ ಹೇಳ್ತೀನಿ ಬಿಡು. ಏಳಲ್ಲ, ಆರೇ ಇವೆ ಅಂತ ಜಗಳಕ್ಕೆ ಬರ್ತಾಳೆ."

ನಗುತ್ತಲೇ ಅವಳು ಮುಖ ತಿರುಗಿಸಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಶುಕ್ರವಾರ ಬಂತು. ಅವನು ಅಂದು ಹೊಸ ಸಾಫ್ಟ್‌ವೇರ್ ಕಟ್ಟಿ ಮುಗಿಸಿದ್ದ. ನಾಲ್ಕು ಗಂಟೆಗೆ ಅವಳು ಬಾಗಿಲಲ್ಲಿ ಇಣುಕಿದಳು.

"ಟೀಗೆ ಬರ್ತೀರಾ? ನಂಗೆ ಒಬ್ಬಳೇ ಕೂರೋಕೆ ಆಗ್ತಿಲ್ಲ... ನಾಳೆ ಅಪ್ಪಂದು..."

ಅವನ ಕೈಯಲ್ಲಿ ಒಂದು ಪುಟ್ಟ ಡಿಸ್ಕ್ ಇತ್ತು. ಅದನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. ಡಿಸ್ಕನ್ನು ಚೀಲಕ್ಕೆ ಹಾಕಿದ. ಚೀಟಿ ಬರೆದು ಮಾನಿಟರಿಗೆ ಅಂಟಿಸಿ ಅವಳ ಹಿಂದೆ ಹೊರಟ.

ಕ್ಯಾಂಟೀನಿನಲ್ಲಿ ಅವಳ ಲೋಟದ ಟೀ ಆರಿದ್ದನ್ನು ಕಂಡು, ಕೇಳದೆಯೇ ಎದ್ದು ಹೋಗಿ ಇನ್ನೊಂದು ಬಿಸಿಬಿಸಿ ತಂದಿಟ್ಟ. ಅಷ್ಟೇ. ಆಗಲೇ ಕಚೇರಿಯ ಕರೆ ಬಂತು, ಅವನು ಅಲ್ಲಿಂದಲೇ ಹೊರಟುಹೋದ.

ಕೊನೆಯ ಓದಿಗೆ ಅಪ್ಪನನ್ನು ಕರೆದುಕೊಂಡು ಅವಳು ಕೋಣೆಗೆ ಮರಳಿದಾಗ ಚೀಟಿ ಕಂಡಿತು. ದಯವಿಟ್ಟು ಗಮನಿಸಿ... ಕಣ್ಣು ನೇರ ಕೊನೆಯ ಸಾಲಿಗೆ ಜಾರಿತು.

'ಸೋಮವಾರ ನಿಮಗೆ ಒಂದು ಮಾತು ಹೇಳುವುದಿದೆ.'

ಕೆನ್ನೆ ಬಿಸಿಯಾಯಿತು! ಅಪ್ಪನಿಗೆ ಕಂಡೀತೆಂದು ಚೀಟಿಯನ್ನು ತಟ್ಟನೆ ಕಿತ್ತು, ಮಡಿಸಿ, ಕನ್ನಡಕದ ಡಬ್ಬಿಯೊಳಗಿಟ್ಟುಕೊಂಡಳು.

ಅಪ್ಪ ಕೊನೆಯ ಪುಟ ಕೈಗೆತ್ತಿಕೊಂಡರು. ಆಗಲೇ ಪರದೆಯ ಮೇಲೆ ಎಚ್ಚರಿಕೆ ಮೂಡಿತು: ಡಿಸ್ಕಿನಲ್ಲಿ ಜಾಗವಿಲ್ಲ.

"ಏನಮ್ಮ ಅದು?"

"ಏನಿಲ್ಲ ಅಪ್ಪ, ಹಳೇ ಕಸ. ಒಂದು ನಿಮಿಷ." ಬೇಡದ್ದನ್ನು ಅಳಿಸಿ ಜಾಗ ಮಾಡಿದಳು. "ಹೂಂ, ಈಗ ಓದಿ."

ಅಪ್ಪ ಉಳಿದಿದ್ದ ಹದಿಮೂರು ವಾಕ್ಯ ಓದಿದರು. ಮೇಜಿನ ಮೇಲಿನ ಬಟ್ಟಲುಗಳದ್ದನ್ನು, ತುಂಬ ಇಷ್ಟವಾಗಿತ್ತೆಂದು, ನಡುವೆ ಇನ್ನೊಮ್ಮೆ ಓದಿದರು, ಒಟ್ಟು ಹದಿನಾಲ್ಕಾಯಿತು. ಕಡೆಯ ವಾಕ್ಯ: "ಬಾಗಿಲು ತೆರೆದಿದೆ, ಒಳಗೆ ಬನ್ನಿ."

"ಮುಗೀತಾ? ಇನ್ನು ನಿಲ್ದಾಣ ಬಂತು ಅನ್ನು," ಎಂದು ನಕ್ಕರು ಅಪ್ಪ.

ಅದೇ ಅವರ ಕೊನೆಯ ನಗು. ಸದ್ದಿರುವ ನಗು.

ಸೋಮವಾರ ಅವನು ಬಂದ. ಬಂದವನು ಅರ್ಧ ಗಂಟೆ ಕೋಣೆಯಿಂದ ಹೊರಗೆ ಬರಲೇ ಇಲ್ಲ. ಬಂದಾಗ ಮುಖ ಸುಣ್ಣದ ಗೋಡೆಯಾಗಿತ್ತು.

"ಮೇಡಂ... ಪಕ್ಕಕ್ಕಿಟ್ಟಿದ್ದ ಧ್ವನಿಗಳಿಲ್ಲ. ಉಳಿದವರದ್ದು ಹಿಂದಿನ ತಿಂಗಳ ಪ್ರತಿಯಿಂದ ವಾಪಸ್ ಬಂತು. ನಿಮ್ಮ ತಂದೆಯವರದ್ದು... ಅವರು ಶುರು ಮಾಡಿದ್ದೇ ಈ ತಿಂಗಳಲ್ವಾ..."

"ಏನು ಹೇಳ್ತಿದ್ದೀರಿ?"

"ಹದಿನಾಲ್ಕು ವಾಕ್ಯ ಮಾತ್ರ ಇದೆ. ಅಷ್ಟರಿಂದ ಧ್ವನಿ ಕಟ್ಟೋಕಾಗಲ್ಲ."

"ಹುಡುಕಿ! ಎಲ್ಲಾದ್ರೂ ಇರುತ್ತೆ, ಹುಡುಕಿ!"

"ಹುಡುಕಿದೆ. ಅಳಿಸಿದ ಜಾಗದ ಮೇಲೆ ಹೊಸದು ಬರೆದಾಗಿದೆ."

"ಯಾರ ತಪ್ಪು ಇದು?"

ಅವನು ಒಂದು ಕ್ಷಣ ಅವಳ ಮುಖವನ್ನು ನೋಡಿದ.

"ನಂದೇ," ಎಂದ.

ಅವಳು ಆಡಿದ್ದು ಆಗ. ಉದ್ದನೆಯ ಬೆಂಚಿನ ಮೇಲೆ ಸಾಲಾಗಿ ಕೂತ ರೋಗಿಗಳ ಮುಂದೆ, ಮುಖ್ಯ ಡಾಕ್ಟರರ ಮುಂದೆ, ಒಂದೊಂದು ಮಾತನ್ನೂ ಅಳೆದು ತೂಗಿ, ಎಲ್ಲಿ ನೋಯುತ್ತದೋ ಅಲ್ಲಿಗೇ ಹೊಡೆದಳು.

"ನಮ್ಮಪ್ಪನ ಗಂಟಲನ್ನ ಡಾಕ್ಟರ್ ಒಂದು ಸಲ ಕೊಯ್ದ್ರು. ನೀವು ಎರಡನೇ ಸಲ ಕೊಯ್ದ್ರಿ! ಅವರಾದ್ರೂ ಮತ್ತು ಕೊಟ್ಟು ಕೊಯ್ದ್ರು. ನಿಧಾನಿ ಅಂತೆ! ಕೊಲ್ಲೋಕೂ ನಿಮಗೆ ಎರಡು ದಿನ ಬೇಕಾಯ್ತಾ?"

ಬೆಂಚಿನ ಮೇಲಿದ್ದವರಲ್ಲಿ ಒಬ್ಬರಿಗೂ ಧ್ವನಿಯಿರಲಿಲ್ಲ. ಅವನ ಪರವಾಗಿ ಒಂದು ಮಾತಾಡಲು ಯಾರಿಂದಲೂ ಆಗಲಿಲ್ಲ. ಗುಂಡಿ ತಪ್ಪಿದೆ ಎಂದಿದ್ದ ಅಜ್ಜಿ ಮಾತ್ರ, ಅವನು ತಲೆ ತಗ್ಗಿಸಿ ಹೋಗುವಾಗ, ಕೈಚಾಚಿ ಅವನ ತೋಳನ್ನು ಒಮ್ಮೆ ಮುಟ್ಟಿದರು.

ಅವನ ಕೆಲಸ ಹೋಯಿತು. ಕಂಪನಿ ಅವನನ್ನು ತೆಗೆದದ್ದಷ್ಟೇ ಅಲ್ಲ, ರೋಗಿಯ ಧ್ವನಿ ಅಳಿಸಿದವನೆಂದು ಎಲ್ಲ ಕಡೆ ಸುದ್ದಿಯೂ ಹೋಯಿತು. ಅವಳಿಗೆ ತಿಳಿಯಿತು. 'ಆಗ್ಲಿ, ಹಾಗೇ ಆಗ್ಬೇಕು,' ಎಂದುಕೊಂಡಳು.

ಆಸ್ಪತ್ರೆಯವರು ಅಪ್ಪನಿಗೆ ಕೊಟ್ಟ ಟ್ಯಾಬಿಗೆ, ಯಂತ್ರದಲ್ಲಿ ಮೊದಲೇ ಇದ್ದ ಯಾರದೋ ಧ್ವನಿ ಹಾಕಿದರು. ನುಣುಪಾದ, ವಾರ್ತೆ ಓದುವವರಂಥ ಧ್ವನಿ. ಅಪ್ಪ ಮನೆಗೆ ಬಂದ ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹುಡುಕಿ ಹುಡುಕಿ ಅಕ್ಷರ ಒತ್ತಿ, ಅಮ್ಮನನ್ನು ಕರೆದರು.

ಅಮ್ಮ ಕೈಲಿದ್ದ ಸೌಟನ್ನು ಕೆಳಗಿಟ್ಟರು.

"ಬೇಡ ಕಣ್ರೀ. ಯಾವನೋ ಪರಗಂಡಸಿನ ಧ್ವನೀಲಿ ನನ್ನನ್ನ ಕರೀಬೇಡಿ. ನಿಮ್ಮ ಕಾಲಿಗೆ ಬೀಳ್ತೀನಿ."

ಅಪ್ಪ ಆ ಧ್ವನಿಯನ್ನು ಅಂದೇ ನಿಲ್ಲಿಸಿದರು. ಮಾರನೇ ದಿನ ಒಂದು ಸ್ಲೇಟು ತಂದುಕೊಂಡರು. ತಮ್ಮದೇ ಧ್ವನಿಯ ಹದಿನಾಲ್ಕು ವಾಕ್ಯ ಟ್ಯಾಬಿನಲ್ಲಿತ್ತು, ಅದನ್ನು ಮುಟ್ಟುತ್ತಿರಲಿಲ್ಲ. ಅಮ್ಮ ಮಾತ್ರ ಮಧ್ಯಾಹ್ನ ಯಾರೂ ಇಲ್ಲದಾಗ ಸೆರಗಿನಲ್ಲಿ ಕೈ ಒರೆಸಿಕೊಂಡು ಬಂದು, ಅದನ್ನು ಒತ್ತಿ ಕೇಳುತ್ತಿದ್ದರು. ಮೇಜಿನ ಮೇಲೆ ಏಳು ನೀಲಿ ಬಟ್ಟಲುಗಳಿವೆ... ಮೇಜಿನ ಮೇಲೆ ಏಳು ನೀಲಿ ಬಟ್ಟಲುಗಳಿವೆ...

ಎಂಟು ತಿಂಗಳು ಹಾಗೇ ಹೋಯಿತು.

ಆಸ್ಪತ್ರೆಯ ಆ ಕಂಪ್ಯೂಟರನ್ನು ಬದಲಿಸಲು ಒಬ್ಬ ಹೊಸ ಇಂಜಿನಿಯರ್ ಬಂದಳು. ಬಾಯಲ್ಲಿ ಚೂಯಿಂಗ್ ಗಮ್ಮು, ಕೈಯಲ್ಲಿ ಮಿಂಚಿನ ವೇಗ. ಹಳೆಯ ದಾಖಲೆಗಳನ್ನು ಓಡಿಸುತ್ತ ಓಡಿಸುತ್ತ ನಿಂತಳು.

"ಇದೇನಕ್ಕ, ನಲವತ್ತೆರಡು ಜನರ ಧ್ವನಿ ಒಂದೇ ಏಟಿಗೆ ಅಳಿಸಿದ್ದೀರಲ್ಲ? ಧೈರ್ಯ ಕಣ್ರೀ ನಿಮಗೆ!"

"ನಾನಲ್ಲ. ಮೊದಲು ಒಬ್ರು ಬರ್ತಿದ್ರು..."

"ಇಲ್ವಲ್ಲ. ನಿಮ್ಮ ಪಾಸ್‌ವರ್ಡೇ ಇದು. ಶುಕ್ರವಾರ ಸಂಜೆ ಐದು ನಲವತ್ತೆರಡು. 'ಹಳೇದು' ಅನ್ನೋ ಫೋಲ್ಡರ್. ಸೋಮವಾರ ಬೆಳಗ್ಗೆ ಯಾರೋ ಈ ಪುಟ ತೆಗೆದು ನೋಡಿದ್ದಾರೆ ಕೂಡ."

ಏನಿಲ್ಲ ಅಪ್ಪ, ಹಳೇ ಕಸ...

ಕಿವಿಯಲ್ಲಿ ತನ್ನದೇ ಧ್ವನಿ ಕೇಳಿಸಿತು.

ಕನ್ನಡಕದ ಡಬ್ಬಿ ತೆರೆದಳು. ಅವನ ಮೇಲೆ ಅಷ್ಟು ದ್ವೇಷವಿದ್ದರೂ ಆ ಚೀಟಿಯನ್ನು ಹರಿದೆಸೆಯಲು ಅವಳಿಂದ ಆಗಿರಲಿಲ್ಲ. ಮೊದಲ ಸಲ, ಕೊನೆಯ ಸಾಲಿನ ಮೇಲಿದ್ದದ್ದನ್ನೂ ಓದಿದಳು.

'ದಯವಿಟ್ಟು ಗಮನಿಸಿ. ಹೊಸ ಸಾಫ್ಟ್‌ವೇರ್ ಸದ್ಯಕ್ಕೆ ಖಾಲಿ ಮನೆ. ಎಲ್ಲರ ಧ್ವನಿ "ಹಳೇದು" ಎಂಬ ಫೋಲ್ಡರಿನಲ್ಲಿದೆ. ನಿಮ್ಮ ತಂದೆಯವರದ್ದೂ ಅಲ್ಲೇ ಇದೆ. ಎರಡನೇ ಪ್ರತಿ ಇನ್ನೂ ಆಗಿಲ್ಲ. ಸೋಮವಾರದವರೆಗೆ ಅದನ್ನು ಮುಟ್ಟಬೇಡಿ.'

ಮುಟ್ಟಬೇಡಿ...

ತಾನು ಅವನಿಗೆ ಹೇಳಿದ ಮೊದಲ ಮಾತು. ಅವನು ತನಗೆ ಕೊನೆಯ ಚೀಟಿಯಲ್ಲಿ ಬರೆದ ಮಾತು.

ಅವನು ಆ ಸೋಮವಾರವೇ ಎಲ್ಲ ನೋಡಿದ್ದ. ನೋಡಿಯೂ 'ನಂದೇ' ಎಂದಿದ್ದ!

ಸಂಜೆ ಅವಳು ಅಪ್ಪನ ಮುಂದೆ ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದಳು. ಹೇಳಿ ಮುಗಿಸಿದಾಗ ಮೊದಲು ಮಾತಾಡಿದ್ದು ಅಮ್ಮ.

"ನಿನ್ನ ಕೈಯಾರೆ... ನಿನ್ನ ಕೈಯಾರೆ ಮಾಡಿ, ಒಬ್ಬ ಹುಡುಗನ ಬಾಳಿಗೆ ಕಲ್ಲು ಹಾಕಿದ್ಯಲ್ಲೇ!"

ಅಪ್ಪ ಸ್ಲೇಟನ್ನು ಬೋರಲು ಹಾಕಿದರು. ಅವಳಿಗಾಗಿ ಅದರಲ್ಲಿ ಒಂದಕ್ಷರ ಬರೆಯಲಿಲ್ಲ. ಮಾರನೇ ದಿನವೂ ಇಲ್ಲ. ಒಂಬತ್ತು ದಿನ ಅವಳ ಮುಖವನ್ನೇ ನೋಡಲಿಲ್ಲ. ಮಾತೇ ಇಲ್ಲದ ಮನುಷ್ಯ ಮಾತು ಬಿಟ್ಟರೆ ಹೇಗಿರುತ್ತದೆಂದು ಅವಳು ಆ ಮನೆಯಲ್ಲಿ ಕಲಿತಳು. ಆದರೂ ಊಟದ ಹೊತ್ತಿಗೆ ಅವಳ ತಟ್ಟೆಯ ಪಕ್ಕ ನೀರಿನ ಲೋಟ ಇರುತ್ತಿತ್ತು. ಅದನ್ನು ತುಂಬಿಸಿಡುತ್ತಿದ್ದುದು ಅಮ್ಮನಲ್ಲ.

ಹತ್ತನೇ ದಿನ ಬೆಳಗ್ಗೆ ಅವಳ ಮುಂದೆ ಸ್ಲೇಟು ಬಂತು.

'ಅವನನ್ನು ಕರೆದುಕೊಂಡು ಬಾ.'

ಅವನು ಸಿಕ್ಕಿದ್ದು ಒಂದು ಇಕ್ಕಟ್ಟಾದ ಜೆರಾಕ್ಸ್ ಅಂಗಡಿಯಲ್ಲಿ. ಹಿಂಭಾಗದಲ್ಲಿ ಸ್ಟೂಲಿನ ಮೇಲೆ ಕೂತು ಯಾರದೋ ಕೆಟ್ಟ ಲ್ಯಾಪ್‌ಟಾಪ್ ಬಿಚ್ಚಿಟ್ಟಿದ್ದ. ತೆಗೆದ ಒಂದೊಂದು ತಿರುಪನ್ನೂ ಕಾಗದದ ಮೇಲೆ ಸಾಲಾಗಿ ಇಟ್ಟು, ಕೆಳಗೆ ಎಲ್ಲಿಯದೆಂದು ಬರೆದಿದ್ದ. ಕೆನ್ನೆ ಬತ್ತಿತ್ತು.

"ಕ್ಷಮಿಸಿ ಅಂತ ಕೇಳೋಕೆ ಬಂದೆ... ನಾನೇ ಅಳಿಸಿದ್ದು. ಗೊತ್ತಾಯ್ತು ನಂಗೆ."

ಅವನು ತಲೆ ಎತ್ತಲಿಲ್ಲ.

"ಗೊತ್ತಾಗಬಾರದಿತ್ತು."

"ಯಾಕೆ ಹೇಳ್ಲಿಲ್ಲ? ಅಷ್ಟು ಜನರ ಮುಂದೆ ನಾನು ಬಾಯಿಗೆ ಬಂದ ಹಾಗೆ ಅಂತಿದ್ರೆ, ಒಂದು ಮಾತು ಹೇಳಬಹುದಿತ್ತಲ್ಲ!"

"ಹೇಳಿದ್ರೆ ಧ್ವನಿ ವಾಪಸ್ ಬರ್ತಿತ್ತಾ? ತಂದೆ ಧ್ವನಿನ ತಾನೇ ಅಳಿಸಿದೆ ಅಂತ ಗೊತ್ತಾಗಿ ನೀವು ಬದುಕೋಕೆ ಆಗ್ತಿತ್ತಾ? ನನ್ನನ್ನ ದ್ವೇಷಿಸ್ಕೊಂಡಾದ್ರೂ ಇರ್ತೀರಿ ಅಂದ್ಕೊಂಡೆ." ಸ್ವಲ್ಪ ತಡೆದು ಹೇಳಿದ: "ಮತ್ತೆ ನಾನು ಸುಳ್ಳೂ ಹೇಳಿಲ್ಲ ಮೇಡಂ. ಆವತ್ತು ಎರಡನೇ ಪ್ರತಿ ತೆಗೆಯೋಕೆ ಡಿಸ್ಕ್ ಕೈಲಿ ಹಿಡಿದಿದ್ದೆ. ನೀವು ಟೀಗೆ ಕರೆದ್ರಿ. ಬಂದುಬಿಟ್ಟೆ. ಇಷ್ಟು ವರ್ಷದಲ್ಲಿ ಅದೊಂದೇ ಸಲ ಎರಡನೇ ಪ್ರತಿ ಮಾಡದೆ ಎದ್ದಿದ್ದು."

ಅವನ ಚೀಟಿಯ ಮೇಲಿನ ಆಸೆಗೆ ಅವಳು ಅದನ್ನು ಕಿತ್ತಳು. ಅವಳ ಜೊತೆಗಿನ ಒಂದು ಲೋಟ ಟೀಯ ಆಸೆಗೆ ಅವನು ಎದ್ದುಹೋದ. ಇಬ್ಬರೂ ಪ್ರೀತಿಸಿದ್ದಕ್ಕೆ ದಂಡ ತೆತ್ತವರು ಅಪ್ಪ!

"ಅಪ್ಪ ಕರೀತಿದ್ದಾರೆ. ಬನ್ನಿ."

"ಬರಲ್ಲ." ಈಗ ಅವನ ಧ್ವನಿ ಕಲ್ಲಾಗಿತ್ತು. "ಕೊಲ್ಲೋಕೂ ಎರಡು ದಿನ ಬೇಕಾಯ್ತಾ ಅಂದ್ರಿ. ಈ ಎಂಟು ತಿಂಗಳು ದಿನಾ ಬೆಳಗ್ಗೆ ಎದ್ದಕೂಡಲೇ ಮೊದಲು ಕೇಳಿಸೋದು ಅದೇ. ನೀವು ಕ್ಷಮೆ ಕೇಳಿದ್ರೂ ಅದು ಅಳಿಸಿ ಹೋಗಲ್ಲ. ಹೋಗಿ ಮೇಡಂ."

ಅವಳು ಹೋದಳು. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಅನ್ಯಾಯವಿರಲಿಲ್ಲ. ಅದೇ ಹೆಚ್ಚು ಸುಟ್ಟಿತು. ಮನೆಯ ವಿಳಾಸ ಬರೆದ ಕಾಗದವನ್ನು ಮಾತ್ರ ಆ ತಿರುಪುಗಳ ಸಾಲಿನ ಕೊನೆಯಲ್ಲಿ ಇಟ್ಟು ಹೋಗಿದ್ದಳು.

ಭಾನುವಾರ ಹನ್ನೊಂದರ ಹೊತ್ತಿಗೆ ಅಮ್ಮ ಕಿಟಕಿಯಿಂದ ನೋಡಿ ಪಿಸುಗುಟ್ಟಿದರು:

"ಯಾರೋ ಎದುರು ಬದಿ ನಿಂತಿದ್ದಾನೆ ಕಣೆ. ಆಗಿನಿಂದ ಗೇಟಿನ ತನಕ ಬರ್ತಾನೆ, ವಾಪಸ್ ಹೋಗ್ತಾನೆ."

ಅವಳು ಓಡಿಹೋಗಿ ಬಾಗಿಲು ತೆರೆದಳು. ಅವನು ಮೆಟ್ಟಿಲ ಕೆಳಗೆ ನಿಂತಿದ್ದ. ಅವಳನ್ನು ನೋಡದೆ, ಅವಳ ಹಿಂದೆ ಬಂದು ನಿಂತ ಅಪ್ಪನ ಕತ್ತಿಗೆ ಕಟ್ಟಿದ ಬಿಳಿ ಬಟ್ಟೆಯನ್ನು ನೋಡಿದ. ಅವನ ಮುಖ ಮುರಿಯಿತು.

"ಸರ್... ನಾನು ಆವತ್ತು ಟೀಗೆ ಹೋಗಬಾರದಿತ್ತು..."

ಮೆಟ್ಟಿಲು ಹತ್ತದೆ ತಿರುಗಿದ. ಹೊರಟೇಬಿಟ್ಟ.

ಅಪ್ಪ ಒಳಗೆ ನಡೆದರು. ಸ್ಲೇಟಿಗಲ್ಲ, ಎಂಟು ತಿಂಗಳು ಮುಟ್ಟದಿದ್ದ ಟ್ಯಾಬಿಗೆ ಕೈ ಹಾಕಿದರು. ಅದನ್ನು ಎತ್ತಿಕೊಂಡು ಹೊಸ್ತಿಲಿಗೆ ಬಂದು, ಪಟ್ಟಿಯ ಕಟ್ಟಕಡೆಯ ಸಾಲನ್ನು ಒತ್ತಿದರು.

ಇಡೀ ಬೀದಿಗೆ ಕೇಳುವಂತೆ, ತುಂಬಿದ ಬಸ್ಸಿನ ಆ ಹಳೆಯ ಗಂಟಲು ಮೊಳಗಿತು.

"ಬಾಗಿಲು ತೆರೆದಿದೆ, ಒಳಗೆ ಬನ್ನಿ."

ಒಳಗೆ ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ಅವನು ಗೇಟಿನ ಬಳಿ ನಿಂತುಬಿಟ್ಟ. ಅಪ್ಪ ಇನ್ನೊಮ್ಮೆ ಒತ್ತಿದರು.

"ಬಾಗಿಲು ತೆರೆದಿದೆ, ಒಳಗೆ ಬನ್ನಿ."

ಅವನು ಬಂದ. ಅಪ್ಪನ ಕಾಲಿನ ಬಳಿ ಕುಸಿದು ಮಗುವಿನ ಹಾಗೆ ಅತ್ತ. ಅಪ್ಪನಿಗೆ ಸಮಾಧಾನ ಹೇಳಲು ಮಾತಿರಲಿಲ್ಲ. ಇದ್ದ ಹದಿನಾಲ್ಕರಲ್ಲಿ ಹುಡುಕಿ, ಒಂದನ್ನು ಒತ್ತಿದರು.

"ಮೇಜಿನ ಮೇಲೆ ಏಳು ನೀಲಿ ಬಟ್ಟಲುಗಳಿವೆ."

"ಆರೇ ಇರೋದು!" ಎಂದರು ಅಮ್ಮ ಅಳುತ್ತಲೇ. ಅವನು ಕಣ್ಣೀರಿನ ನಡುವೆ ನಕ್ಕುಬಿಟ್ಟ.

ಆಮೇಲೆ ಅವರಿಬ್ಬರೂ ಹೊರಗಿನ ಮೆಟ್ಟಿಲ ಮೇಲೆ ಕೂತರು, ನಡುವೆ ಒಂದಾಳಿನ ಜಾಗ ಬಿಟ್ಟು. ಅವಳು ಕನ್ನಡಕದ ಡಬ್ಬಿಯಿಂದ ಚೀಟಿ ತೆಗೆದು ಆ ಜಾಗದಲ್ಲಿಟ್ಟಳು.

"ನಾನು ಆಡಿದ ಮಾತು ಅಳಿಸೋಕಾಗಲ್ಲ. ಗೊತ್ತು."

"ಆಗಲ್ಲ," ಎಂದ ಅವನು. "ಪಕ್ಕಕ್ಕೆ ಇಡ್ತೀನಿ. ಹೊಸದು ನಿಲ್ಲುತ್ತಾ ನೋಡೋಣ."

ಅವಳು ಚೀಟಿಯ ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಸೋಮವಾರ ಒಂದು ಮಾತು ಹೇಳುವುದಿದೆ ಅಂದಿದ್ರಿ."

"ಇವತ್ತು ಭಾನುವಾರ."

"ನಾಳೆ ತನಕ ಕಾಯ್ಬೇಕಾ?"

ಅವನು ಚೀಟಿಯನ್ನು ಎತ್ತಿ ಜೇಬಿಗಿಟ್ಟುಕೊಂಡ. ನಡುವಿನ ಜಾಗ ಖಾಲಿಯಾಯಿತು. ಅವಳು ಸರಿದು ಅಲ್ಲಿ ಕೂತಳು.

"ಇವತ್ತೇ ಹೇಳಿ," ಎಂದಳು ಅವನ ತೋಳಿಗೆ ಹಣೆ ಒತ್ತಿ. "ನಾಳೆ ಇನ್ನೊಂದ್ಸಲ ಹೇಳಿ. ಎರಡು ಪ್ರತಿ ಇರ್ಲಿ..."